ಎಡಗಡೆ ತಟ್ಟಿ ನಿಂತವಳು

ಕಳೆದ ವಾರ ನಮ್ಮ ಓಣಿಯಲ್ಲಿ ಒಬ್ಬ ಮುದುಕ ಸತ್ತ. ಹೆಣದ ಸುತ್ತ ಕುಳಿತವರು ಅವನನ್ನು ಹೊಗಳಿದ್ದೇ ಹೊಗಳಿದ್ದು. "ದೇವರಂಥಾ ಮನಶ್ಯಾ. ಹೆಂಡತಿ ಮ್ಯಾಲ ಕೈ ಎತ್ತಿದಾಂವ ಅಲ್ಲ" ಎಂದು ಒಬ್ಬ ಹೇಳಿದ. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ. ಭುಜ ಕುಲುಕುವುದನ್ನು ಕಂಡವರು ಪಾಪ ಮುದುಕಿ ಅಳುತ್ತಿದ್ದಾಳೆಂದು ನೀರು ತಂದುಕೊಟ್ಟರು. ಕುಡಿದೆ.

ಹೆಣದ ಹಣೆಯ ಮೇಲೆ, ವಿಭೂತಿಯ ಅಡಿಯಲ್ಲಿ, ಅಡ್ಡಡ್ಡ ಒಂದು ಹಳೆಯ ಗಾಯದ ಗುರುತು ಕಾಣುತ್ತಿತ್ತು. "ಅಜ್ಜಗ ಅದೇನ ಗುರುತಬೇ ಅಮ್ಮಾ?" ಎಂದು ಅವನ ಮೊಮ್ಮಗಳು ನನ್ನ ಕಿವಿಯಲ್ಲಿ ಕೇಳಿದಳು. "ಮಗ್ಗದ ಪೆಟ್ಟವಾ" ಎಂದೆ. ಅದು ಸುಳ್ಳಲ್ಲ. ಪೂರಾ ಖರೆಯೂ ಅಲ್ಲ.

ಮನೆಗೆ ಬಂದು ಫೋನು ಹಿಡಿದು ಕೂತೆ. ಟೈಪು ಮಾಡಲು ಕಲಿತದ್ದು ಇತ್ತೀಚೆಗೆ. ಒತ್ತಕ್ಷರ ಬಂದಾಗ ಬೆರಳು ಎಡವುತ್ತದೆ. ಆದರೂ ಬರೆಯುತ್ತೇನೆ. ಆ ಮುದುಕನ ಬಗ್ಗೆ ಅಲ್ಲ, ಅವನ ಹೆಂಡತಿಯ ಬಗ್ಗೆ. ಅವಳು ಸತ್ತು ಬಹಳ ವರ್ಷಗಳಾದವು. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಎದ್ದು ಬಂದು ನನ್ನ ಕಪಾಳಕ್ಕೆ ಕೊಟ್ಟು ಮತ್ತೆ ಹೋಗಿ ಮಲಗುವಂಥವಳು ಅವಳು.

ನಾನು ಅವಳನ್ನು ಮೊದಲು ಕಂಡಾಗ ಅವಳ ಮುಷ್ಟಿಯಲ್ಲಿ ಗಂಡನ ತಲೆಗೂದಲಿತ್ತು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಅವಳ ಮನೆಗೆ ಹತ್ತಿದ ಮನೆಯನ್ನು ನಾವು ಬಾಡಿಗೆಗೆ ಹಿಡಿದು, ಪಾತ್ರೆ ಪಗಡೆ ಇಳಿಸುತ್ತಿದ್ದೆವು. ಎರಡೂ ಮನೆಗೆ ಒಂದೇ ಗೋಡೆ. ಬಾಗಿಲಿನಿಂದ ಒಬ್ಬ ಗಂಡಸು ಹಾರಿ ಬಂದು ಬೀದಿಗೆ ಬಿದ್ದ. ಅವನ ಹಿಂದೆ ಅವಳು, ತುಟಿ ಒಡೆದು ಗದ್ದದವರೆಗೆ ರಕ್ತ. ನಮ್ಮನ್ನು ಕಂಡು ನಿಂತಳು. ಮುಷ್ಟಿ ಬಿಚ್ಚಿ, ಕೂದಲನ್ನು ಗಾಳಿಗೆ ಊದಿ, "ಹೊಸದಾಗಿ ಬಂದವರೇನ್ರಿ? ಬರ್ರಿ, ಚಾ ಕುಡದ ಹೋಗ್ರಿ" ಎಂದಳು.

ಅವಳು ಗೆಲ್ಲುತ್ತಿದ್ದಳೆಂದು ತಿಳಿಯಬೇಡಿ. ಗಂಡ ಎತ್ತಿನಂಥವನು. ಹತ್ತು ಜಗಳದಲ್ಲಿ ಒಂಬತ್ತು ಅವನವೇ. ಆದರೆ ಸುಮ್ಮನೆ ಹೊಡೆಸಿಕೊಂಡು ಮೂಲೆಯಲ್ಲಿ ಕೂತು ಅಳುವುದು ಅವಳಿಗೆ ಗೊತ್ತಿರಲಿಲ್ಲ. ಹೊಡೆತ ತಿಂದ ಮೇಲೆ ನನ್ನ ಮನೆಗೆ ಅರಿಶಿನ ಕೇಳಿಕೊಂಡು ಬರುತ್ತಿದ್ದಳು. ನಾನು ಆಗ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದೆ. ಆ ಓಣಿಯಲ್ಲಿ ರೊಟ್ಟಿಯನ್ನು ಮಾತ್ರ ಬಡಿಯುವ ಮನೆ ನಮ್ಮದೊಂದೇ ಎನ್ನಬೇಕು. ಒಲೆಯ ಮುಂದೆ ಕೂತು ಗಾಯಕ್ಕೆ ಅರಿಶಿನ ಒತ್ತಿಕೊಳ್ಳುತ್ತ ನಗುತ್ತಿದ್ದಳು.

"ಯಾಕಬೇ ಅಕ್ಕಾ, ಇಷ್ಟ ಬಡಿಸಿಕೊಂಡ ನಗತಿ?"

"ಅಂವ ಇವತ್ತ ಎಡಗೈಲೆ ಉಣ್ಣತಾನ ತಂಗಿ. ಬಲಗೈ ಕಡದೇನಿ."

ಕೆಲಸದಲ್ಲಿ ಅವಳ ಹಾಗೆ ಇನ್ನೊಬ್ಬರಿರಲಿಲ್ಲ. ಇಳಕಲ್ ಸೀರೆಗೆ ಮೈಯ ನೂಲು ಬೇರೆ, ಸೆರಗಿನ ಕೆಂಪು ನೂಲು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಅವಳ ಬೆರಳು ಅದನ್ನು ಮಾಡುವಾಗ ಬಾಯಿ ಮಾತ್ರ ಬೇರೆ ಯಾರನ್ನೋ ಬೈಯುತ್ತಿರುತ್ತಿತ್ತು. ಗಂಡ ನೇಯುವವನು; ಆದರೆ ಕೊಂಡಿ ಹಾಕುವುದರಲ್ಲಿ ದಡ್ಡ. ಒಂದು ದಿನ ಬಂದ ವ್ಯಾಪಾರಿಯ ಎದುರಿಗೇ ಅವಳು, "ಇವರು ಹಾಕಿದ ಕೊಂಡಿ ಇವರ ಮಾತಿನಂಗ ನೋಡ್ರಿ, ಜಗ್ಗಿದರ ಬಿಚ್ಚತಾವ" ಎಂದು ನಕ್ಕುಬಿಟ್ಟಳು. ವ್ಯಾಪಾರಿಯೂ ನಕ್ಕ. ವ್ಯಾಪಾರಿ ಹೋದ ಮೇಲೆ ಗಂಡ ಮಗ್ಗದ ಕುಣಿಯಲ್ಲಿ, ನೇಯುವವರು ಕಾಲು ಇಳಿಬಿಡುವ ತಗ್ಗಿನಲ್ಲಿ, ಕೂತಲ್ಲಿಂದಲೇ ಲಾಳಿ ಎಸೆದ. ಲಾಳಿ ಎಂದರೆ ನೂಲು ಹೊತ್ತು ಮಗ್ಗದಲ್ಲಿ ಆಚೆ ಈಚೆ ಓಡುವ ಮರದ ತುಂಡು. ಎರಡೂ ತುದಿಗೆ ಕಬ್ಬಿಣದ ಮೂತಿ. ಅದು ಅವಳ ಎಡ ಎದೆಗೆ ಬಡಿಯಿತು. ಗೋಡೆಯ ಈಚೆ ಕೂತ ನನಗೆ ಆ ಸದ್ದು ಕೇಳಿಸಿತು. ಅವಳ ಕೂಗು ಕೇಳಿಸಲಿಲ್ಲ. ಗಂಡನ ಪೆಟ್ಟಿಗೆ ಅವಳು ಕೂಗದೇ ಇದ್ದದ್ದು ಅದೊಂದೇ ಸಲ.

ಎದೆ ಕಪ್ಪಾಗಿ ಬಾತು, ದಿನ ಕಳೆದ ಮೇಲೆ ಇಳಿಯಿತು. ಆದರೆ ಅದೇ ಜಾಗದಲ್ಲಿ ಹುಣಸೆ ಬೀಜದಷ್ಟು ಒಂದು ಗಂಟು ಉಳಿಯಿತು. ಒತ್ತಿದರೆ ನೋವಿಲ್ಲ. ನೋವಿಲ್ಲವೆಂದು ಅವಳು ಬಿಟ್ಟಳು. ಸುಗ್ಗಿ ಮುಗಿಯುವ ಹೊತ್ತಿಗೆ ಅದು ನಿಂಬೆಹಣ್ಣಾಗಿತ್ತು. ಬಚ್ಚಲಲ್ಲಿ ನನ್ನನ್ನು ಕರೆದು ತೋರಿಸಿದಳು. ಮೇಲಿನ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ಸುಕ್ಕುಗಟ್ಟಿತ್ತು.

ದವಾಖಾನೆಗೆ ಹೋಗೋಣ ಎಂದು ನಾನು ಹೇಳುವುದರೊಳಗೆ ಅವಳ ಅತ್ತೆ ಬರೆ ಹಾಕುವವನೊಬ್ಬನನ್ನು ಕರೆಸಿದಳು. ಅವನು ಕಬ್ಬಿಣದ ಸಳಿಯನ್ನು ಕೆಂಡದಲ್ಲಿಟ್ಟು, ಕೆಂಪಗೆ ಕಾಯಿಸಿ, ಗಂಟಿನ ಸುತ್ತ ಇಟ್ಟ. ಇಬ್ಬರು ಹೆಂಗಸರು ಅವಳ ಕೈ ಹಿಡಿದಿದ್ದರು. ಚರ್ಮ ಸುಟ್ಟ ವಾಸನೆ ನನ್ನ ರೊಟ್ಟಿಯ ಹಿಟ್ಟಿನವರೆಗೆ ಬಂತು. ಅವಳು ಹಲ್ಲು ಕಚ್ಚಿ ಪೂರಾ ಹಾಕಿಸಿಕೊಂಡಳು. ಕೈ ಬಿಟ್ಟದ್ದೇ ತಡ, ಸಳಿಯನ್ನು ಅವನಿಂದ ಕಸಿದು ಅವನ ತೊಡೆಗೊಂದು ಇಟ್ಟಳು. "ನಿನಗೂ ಗುಣಾ ಆಗಲಿ" ಎಂದಳು. ಅವನು ಒಂದು ಚಪ್ಪಲಿ ಬಿಟ್ಟು ಓಡಿದ.

ಗಂಟು ಇಳಿಯಲಿಲ್ಲ. ಬರೆಯೂ ಹುಣ್ಣಾಯಿತು. ಸುದ್ದಿ ಹುನಗುಂದದಲ್ಲಿದ್ದ ಅವಳ ತಮ್ಮಂದಿರಿಗೆ ಮುಟ್ಟಿತು: ಗಂಡ ಲಾಳಿಯಿಂದ ಹೊಡೆದು ಅಕ್ಕನಿಗೆ ಆ ಜಡ್ಡು ತರಿಸಿದ್ದಾನೆ. ಆಗ ಯಾರೂ ಕ್ಯಾನ್ಸರ್ ಎನ್ನುತ್ತಿರಲಿಲ್ಲ, ಆ ಜಡ್ಡು ಎನ್ನುತ್ತಿದ್ದರು. ಹೆಸರು ಹೇಳಿದರೆ ಮನೆ ಹೊಕ್ಕೀತು ಎಂಬ ಹೆದರಿಕೆ.

ತಮ್ಮಂದಿರು ಬಂದರು. ಭಾವನನ್ನು ಮಗ್ಗದ ಕುಣಿಯಿಂದ ರಟ್ಟೆ ಹಿಡಿದು ಎಳೆದು, ಬೇವಿನ ಗಿಡಕ್ಕೆ ಕಟ್ಟಿ ಬಡಿದರು. ಅವನ ಬಾಯಿಂದ ರಕ್ತದ ಜೊತೆ ಎರಡು ಹಲ್ಲು ಬಿದ್ದವು. ಓಣಿಯ ಗಂಡಸರೆಲ್ಲ ನೋಡುತ್ತ ನಿಂತರು. ಒಬ್ಬರ ಮುಖದಲ್ಲೂ ನೆತ್ತರಿರಲಿಲ್ಲ. ಯಾಕೆಂದರೆ ಪ್ರತಿಯೊಬ್ಬನೂ ತನ್ನ ಹೆಂಡತಿಗೆ ಎಲ್ಲೆಲ್ಲಿ ಹೊಡೆದಿದ್ದೇನೆಂದು ಮನಸ್ಸಿನಲ್ಲೇ ನೆನೆಯುತ್ತಿದ್ದ.

ಹಿರಿಯರು ಕೂತು ನ್ಯಾಯ ಮಾಡಿದರು. ಗಂಡನನ್ನು ಬಾದಾಮಿಯ ಬನಶಂಕರಿಗೆ ಕರೆದೊಯ್ದು, ಹೊಂಡದಲ್ಲಿ ಮುಳುಗಿಸಿ, ತೊಯ್ದ ಬಟ್ಟೆಯಲ್ಲಿ ಗುಡಿಯ ಮುಂದೆ ನಿಲ್ಲಿಸಿ ಆಣೆ ಮಾಡಿಸಿದರು. "ಇನ್ನ ಮ್ಯಾಲ ಹೆಂಡತಿ ಮ್ಯಾಲ ಕೈ ಎತ್ತಿದರ ಆ ಕೈ ಬಿದ್ದ ಹೋಗಲಿ ತಾಯಿ" ಎಂದು ಎರಡು ಹಲ್ಲು ಕಳೆದ ಬಾಯಲ್ಲಿ ಹೇಳಿದ. ಈ ಬಡಿದಾಟ, ನ್ಯಾಯ, ಆಣೆ ಎಲ್ಲ ಮುಗಿಯುವವರೆಗೆ ಗಂಟು ಕಾಯುತ್ತ ಕೂತಿರಲಿಲ್ಲ. ಬೆಳೆಯುತ್ತಿತ್ತು.

ಕೊನೆಗೆ ಬಾಗಲಕೋಟೆಯ ದವಾಖಾನೆಗೆ ಹೋದೆವು. ಅವಳು, ನಾನು, ಅವಳ ಗಂಡ. ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಒಬ್ಬ ಡಾಕ್ಟರಬಾಯಿ, ನಮ್ಮ ಕಡೆಯವಳೇ. ಬರೆ ನೋಡಿ ಅವಳ ಮುಖ ಕೆಂಪಾಯಿತು.

"ಇಷ್ಟ ತಡಾ ಯಾಕ ಮಾಡಿದ್ರಿ?"

"ಗಂಡಗ ಮೊದಲ ಹೊಡಸೂದಿತ್ರಿ" ಎಂದಳು ನಮ್ಮವಳು. "ಅವನ ಲಾಳಿ ಪೆಟ್ಟಿಗೇ ಬಂದೈತ್ರಿ ಇದು."

ಡಾಕ್ಟರು ತಲೆ ಅಲ್ಲಾಡಿಸಿದಳು. "ಹೊಡತದಿಂದ ಈ ಗಂಟ ಬರೂದಿಲ್ರಿ. ಇದು ಮೊದಲ ಒಳಗ ಇತ್ತು. ಪೆಟ್ಟ ಬಿತ್ತಂತ ನೀವು ಅಲ್ಲಿ ಕೈ ಹಚ್ಚಿ ನೋಡಕೊಂಡ್ರಿ, ಸಿಕ್ತು. ಹೊಡಿಸಿಕೊಂಡವರಿಗೂ ಬರತೈತಿ, ಹೊಡಿಸಿಕೊಳ್ಳದವರಿಗೂ ಬರತೈತಿ. ಈಗ ಎದಿ ಕೊಯ್ದ ತಗೀಬೇಕು."

 ನಮ್ಮವಳ ಮುಖದಲ್ಲಿ ಬೆಳಕು ಮೂಡುವುದನ್ನು ನಾನೇ ಕಂಡೆ. ಎದೆ ಕೊಯ್ಯಬೇಕು ಎಂದು ಕೇಳಿದ ಹೆಂಗಸಿನ ಮುಖವಲ್ಲ ಅದು. ಬಾವಿಯಲ್ಲಿ ಬಿದ್ದ ಕೊಡ ಸಿಕ್ಕವಳ ಮುಖ.

"ಡಾಕ್ಟರಬಾಯಿ, ಒಂದ ಮಾತ. ಇದನ್ನ ಹೊರಗ ಕುಂತಾಂವಗ ಹೇಳಬ್ಯಾಡ್ರಿ."

"ಯಾಕ್ರಿ?"

"ಹೇಳಿದರ ನಾಳೆ ಮತ್ತ ಹೊಡೀತಾನ್ರಿ. ಈಗ ತನ್ನಿಂದಾನ ಬಂದೈತಿ ಅಂತ ಅಂಜ್ಯಾನ. ಅಂಜಲಿ ಬಿಡ್ರಿ."

ಡಾಕ್ಟರು ಬಾಗಿಲಾಚೆಯ ಬೆಂಚಿನ ಕಡೆ ಒಮ್ಮೆ ನೋಡಿದಳು. ಕೊನೆಗೆ, "ಯಾರರ ಕೇಳಿದರ ಸುಳ್ಳ ಹೇಳೂದಿಲ್ಲ ನಾ. ಕೇಳದಿದ್ದರ ಹೇಳೂದೂ ಇಲ್ಲ" ಎಂದಳು. ನಮ್ಮವಳು ನನ್ನ ಮಣಿಕಟ್ಟು ಹಿಡಿದು ತಿರುವಿದಳು. "ನೀ ಎಲ್ಲಿಯರ ಬಾಯಿ ಬಿಟ್ಟಿ, ನಾಲಿಗಿ ಕಿತ್ತು ಲಾಳ್ಯಾಗ ಇಟ್ಟ ನೇಯತೇನಿ." ನನ್ನ ಮಣಿಕಟ್ಟು ಒಂದು ವಾರ ನೀಲಿಯಾಗಿತ್ತು.

ಎಡಗಡೆ ಪೂರಾ ತೆಗೆದರು. ಆಮೇಲೆ ಇಂಜೆಕ್ಷನ್ನು, ಆಮೇಲೆ ಹುಬ್ಬಳ್ಳಿಗೆ ಹೋಗಿ ಕರೆಂಟು ಕೊಡಿಸಿಕೊಳ್ಳುವುದು; ರೇಡಿಯೇಶನ್ನಿಗೆ ನಾವು ಹಾಗೆ ಅನ್ನುತ್ತಿದ್ದೆವು. ಬಸ್ಸಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಕೂಡುತ್ತಿದ್ದಳು. ವಾಂತಿ, ಮತ್ತೆ ಬೈಗುಳ, ಮತ್ತೆ ವಾಂತಿ. ಕೂದಲು ಉದುರಿತು. ಉದುರಿದ್ದನ್ನೆಲ್ಲ ಕೂಡಿಸಿ ಹೆಣೆದು ಒಂದು ಜಡೆ ಮಾಡಿದಳು. ಅದನ್ನು ಗಂಡನ ಕೈಯಲ್ಲಿಟ್ಟು, "ಎಷ್ಟ ವರ್ಷ ಜಗ್ಗಿದಿ, ಬರಲಿಲ್ಲ. ತೊಗೊ, ಈಗ ಪೂರಾ ನಿಂದ" ಎಂದಳು. ಅವನು ಜಡೆಯನ್ನು ಹಿಡಿದುಕೊಂಡು ಗೋಡೆಗೆ ತಲೆ ಹಚ್ಚಿ ಅತ್ತ. ಎತ್ತಿನಂಥ ಗಂಡಸು ಅಳುವ ಸದ್ದು ಭಾಳ ಕೆಟ್ಟದ್ದು. ನಾನು ಈಚೆ ಕಡೆ ರೊಟ್ಟಿಯನ್ನು ಜೋರಾಗಿ ಬಡಿದೆ.

ಅಲ್ಲಿಂದ ಅವಳ ರಾಜ್ಯ ಶುರುವಾಯಿತು. ಗಂಡ ನಳದಿಂದ ನೀರು ತಂದ, ಒಲೆ ಹಚ್ಚಿದ, ಅವಳು ಬೈದರೆ ತಲೆ ತಗ್ಗಿಸಿದ. ಅದು ಅವನೊಬ್ಬನಿಗೆ ನಿಲ್ಲಲಿಲ್ಲ. ಓಣಿಯಲ್ಲಿ ಯಾವ ಮನೆಯಿಂದ ಕಿರಿಚಾಟ ಕೇಳಿದರೂ ಅವಳು ಮಗ್ಗ ಬಿಟ್ಟು ಎದ್ದು, ಸೆರಗು ನಡುವಿಗೆ ಸಿಗಿಸಿ, ಆ ಮನೆಯ ಹೊಸ್ತಿಲ ಮೇಲೆ ಹೋಗಿ ನಿಲ್ಲುತ್ತಿದ್ದಳು. ಬೈಯುತ್ತಿರಲಿಲ್ಲ. ಬಲಗೈಯಿಂದ ತನ್ನ ಎಡಗಡೆಯ ಚಪ್ಪಟೆ ಜಾಗವನ್ನು ತಟ್ಟುತ್ತಿದ್ದಳು. ಟಪ್, ಟಪ್. ಎತ್ತಿದ ಕೈ ಅಲ್ಲೇ ನಿಲ್ಲುತ್ತಿತ್ತು.

"ಹೊಡಿಯೋ ತಮ್ಮಾ, ಹೊಡಿ" ಎನ್ನುತ್ತಿದ್ದಳು ಮೆಲ್ಲಗೆ. "ಒಂದ ಏಟಿಗೆ ಗಂಟು. ಆಮ್ಯಾಲ ಬೇವಿನ ಗಿಡಾ ಅಲ್ಲೇ ಐತಿ."

ಹೆಂಗಸರೂ ಕಲಿತರು. ಗಂಡ ಕೈ ಎತ್ತಿದರೆ ಎದೆ ಮುಂದೆ ಮಾಡಿ ನಿಂತು, "ಬಾ, ಇಲ್ಲೇ ಹೊಡಿ" ಎನ್ನತೊಡಗಿದರು. ನಾನು ಅವಳ ಜೊತೆ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗುತ್ತಿದ್ದೆ. ಹಾಗೆ ನಮ್ಮ ಓಣಿಯಲ್ಲಿ ಐದಾರು ವರ್ಷ ಹೆಂಗಸರ ಮೇಲೆ ಕೈ ಏಳಲಿಲ್ಲ. ಸೊಸೆಯಂದಿರ ಮೈ ನೆಟ್ಟಗಾಯಿತು.

ಆದರೆ ಆ ಜಡ್ಡು ಮಾತ್ರ ಓಣಿ ಬಿಡಲಿಲ್ಲ. ಮೊದಲೆಲ್ಲ ಅದು ಪಟ್ಟಣದ ಸಾಹುಕಾರರಿಗೆ ಬರುವ ಕಾಯಿಲೆ ಎಂದುಕೊಂಡಿದ್ದೆವು. ಈಗ ಗುಟಕಾ ಜಗಿಯುವವನ ಕೆನ್ನೆಯಲ್ಲಿ ಹುಣ್ಣು, ತಂಬಾಕು ತಿಕ್ಕುವ ಅಜ್ಜಿಯ ವಸಡಿನಲ್ಲಿ ಗಡ್ಡೆ, ಮುಟ್ಟು ನಿಂತವಳಿಗೆ ಮತ್ತೆ ರಕ್ತ. ಬೆಳಗಿನ ಹುಬ್ಬಳ್ಳಿ ಬಸ್ಸಿನಲ್ಲಿ ತಲೆಗೆ ಟವೆಲ್ಲು ಸುತ್ತಿದವರು ಒಬ್ಬರನ್ನೊಬ್ಬರು ನೋಡದ ಹಾಗೆ ಕೂತಿರುತ್ತಿದ್ದರು. ಎಲ್ಲರೂ ತಡವಾಗಿಯೇ ಹತ್ತುವವರು. ಹೋಗುವಾಗ ಇಬ್ಬರು, ಬರುವಾಗ ಒಬ್ಬರು.

ಓಣಿಯ ಕೊನೆಯ ಮನೆಗೆ ಬಾದಾಮಿ ಕಡೆಯಿಂದ ಒಬ್ಬ ಸೊಸೆ ಬಂದಿದ್ದಳು. ಅವಳ ಗಂಡ ಪವರ್‌ಲೂಮಿನಲ್ಲಿ ದುಡಿಯುವ ಹುಡುಗ. ಇರುವೆ ಕಂಡರೆ ದಾಟಿ ಹೋಗುವವನು. ಹೆಂಡತಿಗೆ ಮುಳ್ಳು ಚುಚ್ಚಿದರೆ ಇವನ ಕಣ್ಣಲ್ಲಿ ನೀರು. ಆ ಹುಡುಗಿ ನನ್ನ ಹತ್ತಿರ ರೊಟ್ಟಿ ಒಯ್ಯಲು ಬರುತ್ತಿದ್ದಳು. ಒಂದು ದಿನ ಮೇಲಿನ ಹಲಗೆಯ ಬುಟ್ಟಿ ಇಳಿಸು ಎಂದೆ. ಅವಳ ಎಡಗೈ ಮೇಲೇಳಲಿಲ್ಲ. ಮುಖ ಬಿಳಚಿತು. ಕುಬಸದ ಆ ಬದಿ ಒದ್ದೆಯಾಗಿತ್ತು, ಒಂಥರಾ ವಾಸನೆ.

ನಾನು ಹೋಗಿ ನಮ್ಮವಳನ್ನು ಕರೆತಂದೆ. ಬಾಗಿಲು ಹಾಕಿ ಅವಳು ಹುಡುಗಿಯ ಎದೆ ಮುಟ್ಟಿ ನೋಡಿದಳು. ಹಿಂದೆ ಎಂದೂ ಅವಳ ಕೈ ಅಷ್ಟು ಹಗುರಾದದ್ದನ್ನು ನಾನು ಕಂಡಿರಲಿಲ್ಲ.

"ಎಂದಿನಿಂದ ಐತಿದು?"

"ಹ್ವಾದ ಬನದ ಹುಣ್ಣಿವಿಯಿಂದ, ಅತ್ತಿ."

"ಅಷ್ಟ ದಿನಾ ಆತು, ಯಾಕ ಹೇಳಲಿಲ್ಲಲೇ ಮೂಳಿ?"

ಹುಡುಗಿ ಅಳತೊಡಗಿದಳು. "ನಮ್ಮವರು ನನಗ ಹೊಡದಿಲ್ರಿ ಅತ್ತಿ. ನಿಮ್ಮ ಪಾದದ ಆಣಿ, ಒಂದ ಏಟ ಹೊಡದಿಲ್ಲ. ಆದ್ರ ಗಂಟ ಐತಿ ಅಂದ್ರ ಯಾರ ನಂಬತಾರ್ರಿ? ನಮ್ಮ ಅಣ್ಣಗೋಳು ಬಂದ ಇವರನ್ನ ಗಿಡಕ್ಕ ಕಟ್ಟತಾರ. ನಾ ಸತ್ರೂ ಅಡ್ಡಿಯಿಲ್ಲ, ಅವರಿಗೆ ಹೊಡಿಯೂದು ಬ್ಯಾಡ."

ನಮ್ಮವಳು ಒಲೆಯ ಮುಂದೆ ಕೂತುಬಿಟ್ಟಳು.  ಹುಡುಗಿ ಹೋದ ಮೇಲೆ ಹೇಳಿದಳು: "ನಾ ಖರೆ ಹೇಳಿದರ ನನ್ನ ಮನ್ಯಾಗ ಮತ್ತ ಲಾಳಿ ಹಾರತೈತಿ ತಂಗಿ. ಹೇಳದಿದ್ದರ ಈ ಹುಡಿಗಿ ಸಾಯತೈತಿ."

"ಬನಶಂಕರಿಗೆ ಹೋಗಿ ಬರ್ತೇವಿ ಅಂತ ಹೇಳಿ ಬಾಗಲಕೋಟಿಗೆ ಒಯ್ದಬಿಡೂಣು" ಎಂದೆ ನಾನು. ಕಳ್ಳ ದಾರಿಗಳು ನನಗೆ ಮೊದಲಿನಿಂದಲೂ ಬೇಗ ಹೊಳೆಯುತ್ತವೆ. ಅವಳಿಗೆ ಉಸಿರು ಬಂತು. ಮರುದಿನ ಹೋಗುವುದೆಂದು ಮಾತಾಯಿತು.

ಆದರೆ ಅದೇ ಸಂಜೆ ಹುಡುಗಿಯ ಅತ್ತೆ ಕುಬಸದ ಒದ್ದೆ ಕಂಡಳು. ಕಿರಿಚಿದಳು. ಓಣಿ ಕೂಡಿತು. ಯಾರೋ ಎಸ್ಟಿಡಿ ಅಂಗಡಿಗೆ ಓಡಿ ಬಾದಾಮಿಗೆ ಫೋನು ಹಚ್ಚಿಯೂ ಆಯಿತು. ಬೆಳಿಗ್ಗೆ ನಾವು ಸೀರೆ ಉಟ್ಟು ಹೊರಡುವಷ್ಟರಲ್ಲಿ ಒಂದು ಟೆಂಪೊ ಬಂದು ನಿಂತಿತು. ಇಳಿದವರು ಹುಡುಗಿಯ ಅಣ್ಣಂದಿರು, ಕೈಯಲ್ಲಿ ಬಡಿಗೆ.

ಆ ಹುಡುಗ ಓಡಲಿಲ್ಲ. ಮೊದಲ ಏಟಿಗೆ ಮೊಣಕಾಲೂರಿದ. ಎರಡನೆಯದಕ್ಕೆ ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ನಾನು ಹೊಡೆದಿಲ್ಲ ಎಂದು ಅವನು ಒಮ್ಮೆಯೂ ಹೇಳಲಿಲ್ಲ. "ಹೊಡೀರಿ ಮಾವಾ. ಆದ್ರ ಅಕಿನ್ನ ಮೊದಲ ದವಾಖಾನಿಗೆ ಒಯ್ರಿ" ಎನ್ನುತ್ತಿದ್ದ. ಪ್ರತಿ ಏಟಿಗೂ ಅದೇ ಮಾತು. ಕೊನೆಗೆ ಬಾಯಿಂದ ರಕ್ತ ಬಂದು ಮಾತು ಗುಳುಗುಳು ಆಯಿತು. ಹುಡುಗಿ ಅವನ ಮೇಲೆ ಬಿದ್ದಳು. ಅವಳನ್ನು ಕೂದಲು ಹಿಡಿದು ಎಳೆದು ಬದಿಗೆ ಒಗೆದರು.

ನಮ್ಮವಳು ಗುಂಪನ್ನು ಸೀಳಿಕೊಂಡು ಹೋಗಿ ಮುಂದೆ ನಿಂತಳು. ರೂಢಿಯಂತೆ ಕೈ ಎಡಗಡೆಗೆ ಹೋಯಿತು. ಟಪ್, ಟಪ್.

ಹಿರಿಯ ಅಣ್ಣ ತಿರುಗಿ ನೋಡಿ, "ನೋಡ್ರಿ, ನೋಡ್ರಿ! ಈ ಅಕ್ಕಗ ಆಗಿದ್ದ ನಮ್ಮ ತಂಗಿಗೂ ಆತು! ಇವರೂ ಸಾಕ್ಷಿ ಅದಾರ!" ಎಂದು ಮತ್ತೆ ಬಡಿಗೆ ಎತ್ತಿದ.

ಅವಳ ಕೈ ಎದೆಯ ಮೇಲೆ ನಿಂತುಹೋಯಿತು. ತನ್ನ ಕೈಯನ್ನೇ ತಾನು ನೋಡಿದಳು, ಅದು ಬೇರೆ ಯಾರದೋ ಎನ್ನುವ ಹಾಗೆ. ಆಮೇಲೆ ಅದೇ ಕೈಯಿಂದ ಆ ಅಣ್ಣನ ಕಪಾಳಕ್ಕೆ ಹೊಡೆದಳು. ಅವನ ಟೋಪಿ ಗಟಾರಕ್ಕೆ ಬಿತ್ತು.

"ಬಿಡೋ ಭಾಡ್ಯಾ! ಹೊಡತದಿಂದ ಬರೂದಿಲ್ಲಿದು! ಡಾಕ್ಟರು ನನ್ನ ಮುಂದ ಹೇಳ್ಯಾರ!"

"ಮತ್ತ ನಿಮಗ ಬಂದದ್ದು?"

"ನನಗೂ ಹೊಡತದಿಂದ ಬಂದದ್ದಲ್ಲ!" ಧ್ವನಿ ಒಡೆದಿತ್ತು, ಆದರೆ ಓಣಿಯ ಆ ತುದಿಗೂ ಕೇಳಿಸಿತು. "ನನ್ನ ಗಂಡ ಲಾಳಿ ಒಗದದ್ದು ಖರೆ. ಗಂಟ ಬಂದದ್ದೂ ಖರೆ. ಇದರಿಂದ ಅದು ಬಂತು ಅನ್ನೂದು ಸುಳ್ಳ. ಅಂದ ದವಾಖಾನ್ಯಾಗ ಕೇಳೇನಿ, ಇಂದ ಹೇಳತೇನಿ. ಈಕಿನ್ನ ಕೇಳ್ರಿ, ಬಾಜೂಕ ನಿಂತಿದ್ಲು."

ಎಲ್ಲರೂ ನನ್ನ ಕಡೆ ನೋಡಿದರು. "ಹೌದ್ರಿ, ಖರೇನ" ಎಂದೆ. ಬಡಿಗೆ ಕೆಳಗಿಳಿದವು.

ಅವಳ ಗಂಡ ನಳದ ಹತ್ತಿರ ತುಂಬಿದ ಕೊಡ ಹೊತ್ತು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೊಡವನ್ನು ನಿಧಾನಕ್ಕೆ, ಒಂದು ಹನಿ ಚೆಲ್ಲದ ಹಾಗೆ, ಕೆಳಗಿಟ್ಟ. ಎತ್ತಿ ಒಗೆದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ತಿರುಗಿ ಮನೆಯೊಳಗೆ ಹೋದ. ಅವಳು ಹಿಂದೆ ಹೋದಳು. ನಾನು ಕೈಗೆ ಸಿಕ್ಕ ನಾಲ್ಕು ರೊಟ್ಟಿ ಹಿಡಿದು, ಕೊಡಲು ಬಂದವಳ ಹಾಗೆ ಅವರ ಬಾಗಿಲಿಗೆ ಹೋಗಿ ನಿಂತೆ.

ಅವನು ಮಗ್ಗದ ಅಂಚಿನಲ್ಲಿ ಕೂತಿದ್ದ. ನಾಲಿಗೆಯಿಂದ ಹಲ್ಲಿಲ್ಲದ ಸಂದಿಯನ್ನು ಸವರಿಕೊಳ್ಳುತ್ತಿದ್ದ.

"ಅಂದ್ರ ನನ್ನ ಹಲ್ಲು ಸುಳ್ಳ ಹ್ವಾದೂ ಏನು?"

ಅವಳು ಸೆರಗು ನಡುವಿಗೆ ಸಿಗಿಸಿದಳು.

"ಇಷ್ಟ ವರ್ಷಾ ನಾನ ಹೆಂಡತಿನ್ನ ಕೊಂದೆ ಅಂತ ದಿನಾ ಸತ್ತೇನಿ. ಊರ ಮುಂದ ನಾಯಿ ಆದೆ. ಬನಶಂಕರಿ ಮುಂದ ಆಣಿ ಮಾಡಿಸಿದ್ರಿ. ಎಲ್ಲಾ ಸುಳ್ಳ ಹೇಳಿ!"

"ಲಾಳಿ ಒಗದದ್ದು ಸುಳ್ಳೇನೋ?" ಎಂದಳು. "ನನ್ನ ತುಟಿ ಒಡದದ್ದು ಸುಳ್ಳ? ನಿನ್ನ ಹಲ್ಲು ಹೋದದ್ದು ಲಾಳಿಗೆ. ಆಣಿ ಮಾಡಿದ್ದೂ ಲಾಳಿಗೆ. ಗಂಟಿಗಲ್ಲ."

ಅವನು ಎದ್ದ. ಕೈ ಎತ್ತಿದ. ಐದಾರು ವರ್ಷ ಇಳಿಬಿದ್ದಿದ್ದ ಕೈ, ಮೊದಲಿನಷ್ಟೇ ದೊಡ್ಡದು. ಅವಳು ಮಾತ್ರ ಮೊದಲಿನವಳಾಗಿರಲಿಲ್ಲ. ಇಂಜೆಕ್ಷನ್ನು ಕರೆಂಟು ಅವಳನ್ನು ಅರ್ಧ ಮಾಡಿದ್ದವು, ಎಡಗೈ ಬಾತು ಭಾರವಾಗಿತ್ತು. ಒಂದು ಏಟಿಗೆ ಮುರಿದು ಬೀಳುತ್ತಿದ್ದಳು. ಅವಳ ಬಲಗೈ ಎಡ ಎದೆಯ ಕಡೆ ಅರ್ಧ ದಾರಿ ಹೋಯಿತು. ತಟ್ಟಲಿಲ್ಲ. ಇನ್ನು ತಟ್ಟಿ ಏನು ಉಪಯೋಗ? ಆ ಕೈ ಪಕ್ಕಕ್ಕೆ ಹೊರಳಿ ಮಗ್ಗದ ಮೇಲಿನ ಲಾಳಿಯನ್ನು ಎತ್ತಿಕೊಂಡಿತು.

ಎರಡು ಮಾರು ದೂರ. ಗುರಿ ತಪ್ಪಲು ಜಾಗವೇ ಇರಲಿಲ್ಲ. ಕಬ್ಬಿಣದ ಮೂತಿ ಅವನ ಹಣೆಯನ್ನು ಅಡ್ಡಡ್ಡ ಸೀಳಿತು. ರಕ್ತ ಹುಬ್ಬಿನಿಂದ ಹರಿದು ಕಣ್ಣಿಗೆ ಇಳಿಯಿತು, ಮಗ್ಗದ ಮೇಲಿನ ಕೆಂಪು ಸೆರಗಿನ ನೂಲಿಗೆ ಬಿತ್ತು. ಅವನು ಎತ್ತಿದ ಕೈ ಈಗ ಹಣೆಯನ್ನು ಒತ್ತಿ ಹಿಡಿಯಲು ಬೇಕಾಯಿತು.

"ಅಂಜಬ್ಯಾಡ" ಎಂದಳು ಅವಳು. "ಇದರಿಂದ ಗಂಟ ಬರೂದಿಲ್ಲ."

ಅವನು ಕುಣಿಯ ಅಂಚಿನಲ್ಲಿ ಕುಸಿದು ಕೂತ. ಅವಳು ಹಳೆಯ ಸೀರೆ ಹರಿದು ಹಣೆಗೆ ಕಟ್ಟಿದಳು, ಗಂಟನ್ನು ಬೇಕೆಂದೇ ಬಿಗಿದಳು. ಅವನು ನರಳಿದ. "ತಂಗೀ, ಆ ರೊಟ್ಟಿ ತಾ ಇಲ್ಲೆ" ಎಂದು ನನ್ನ ಕಡೆ ಕೈ ಚಾಚಿದಳು. ಒಂದನ್ನು ಮುರಿದು ಅವನ ಎಡಗೈಯಲ್ಲಿಟ್ಟಳು. ಬಲಗೈ ಹಣೆಯ ಮೇಲಿತ್ತಲ್ಲ.

ಓಣಿಗೆ ಖರೆ ಗೊತ್ತಾದದ್ದರ ಬೆಲೆ ತೆತ್ತದ್ದು ಹೆಂಗಸರೇ. ಮರುವಾರವೇ ಎರಡು ಮನೆಗಳಲ್ಲಿ ಕೈ ಎದ್ದವು. ಒಬ್ಬಳು ಕಣ್ಣು ಬಾತು ಬಂದು ಅವಳ ಮುಂದೆ ನಿಂತು, "ಯಾಕ ಹೇಳಿದಿ ಅಕ್ಕಾ? ಸುಮ್ಮ ಇರಬಾರದಾಗಿತ್ತೇನು?" ಎಂದು ಅತ್ತಳು. ನಮ್ಮವಳು ಮಗ್ಗ ಬಿಟ್ಟು ಎದ್ದಳು. ಲಾಳಿಯನ್ನು ನಡುವಿಗೆ ಸಿಗಿಸಿ ಆ ಮನೆಗೆ ನಡೆದಳು. ಅಂದಿನಿಂದ ಅವಳು ಹೊಸ್ತಿಲಲ್ಲಿ ನಿಲ್ಲುವುದನ್ನು ಬಿಟ್ಟು ಒಳಗೇ ಹೋಗತೊಡಗಿದಳು. ಆದರೆ ಗಂಟು ಕಂಡ ಹೆಂಗಸರು ಮುಚ್ಚಿಡುವುದನ್ನೂ ಬಿಟ್ಟರು. ಕಡಲೆಯಷ್ಟಿದ್ದಾಗಲೇ ಬಂದು ಅವಳಿಗೆ ತೋರಿಸಿದರು. ಅವಳು ಒತ್ತಿ ನೋಡಿ, ಬೈದು, ಬಸ್ಸು ಹತ್ತಿಸುತ್ತಿದ್ದಳು.

ಕೆಲವು ವರ್ಷಕ್ಕೆ ಆ ಜಡ್ಡು ಅವಳ ಬೆನ್ನೆಲುಬಿಗೆ ತಿರುಗಿ ಬಂತು. ಕೊನೆಯ ದಿನಗಳಲ್ಲಿ ಅವಳ ಕೂಗು ಗೋಡೆ ದಾಟಿ ಬರುತ್ತಿತ್ತು; ಇಳಕಲ್ಲಿನಲ್ಲಿ ಆ ನೋವಿಗೆ ಔಷಧ ಸಿಗುತ್ತಿರಲಿಲ್ಲ. ಗಂಡ ಅವಳನ್ನು ಮಗುವಿನ ಹಾಗೆ ಹೊರಳಿಸಿ, ತೊಳೆದು, ಗಂಜಿ ಕುಡಿಸುತ್ತಿದ್ದ. ನೋವು ಹೆಚ್ಚಾದಾಗ ಅವಳು ಅವನ ರಟ್ಟೆ ಕಚ್ಚುತ್ತಿದ್ದಳು. ಅವನು ಕಚ್ಚಿಸಿಕೊಳ್ಳುತ್ತಿದ್ದ. ಮತ್ತೆ ಅವನ ಕೈ ಏಳಲಿಲ್ಲ. ಆಣೆಗೆ ಅಂಜಿಯೋ ಲಾಳಿಗೆ ಅಂಜಿಯೋ ನನಗೆ ಗೊತ್ತಿಲ್ಲ. ಒಂದು ದಿನ ಕೇಳಿಯೇಬಿಟ್ಟೆ. "ಕೈ ಎತ್ತೂದು ಮರತ ಹೋತು ನೋಡ್ರಿ ವೈನಿ" ಎಂದ. ಹೆಣದ ಮುಂದೆ ಅವನನ್ನು ಹೊಗಳಿದವರು ಪೂರಾ ಸುಳ್ಳು ಹೇಳಲಿಲ್ಲ ಅನ್ನಿ. ಅರ್ಧ ಹೇಳಿದರು.

ಆದರೆ ಅವಳೆಂದರೆ ನನಗೆ ನೆನಪಾಗುವುದು ಆ ಹಾಸಿಗೆಯಲ್ಲ. ಗಂಡನ ಹಣೆಗೆ ಲಾಳಿ ಹಾರಿದ ಮರುದಿನದ ಬಾಗಲಕೋಟೆ. ದವಾಖಾನೆಯ ಬೆಂಚಿನ ಮೇಲೆ ನಾವು ಸಾಲಾಗಿ ಕೂತಿದ್ದೆವು. ಪಕ್ಕೆ ಹಿಡಿದುಕೊಂಡು, ಮುಖ ಕುಂಬಳಕಾಯಿ ಮಾಡಿಕೊಂಡ ಆ ಹುಡುಗ. ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದ ಅವನ ಹೆಂಡತಿಯ ಅಣ್ಣ. ಹಣೆಗೆ ಸೀರೆಯ ಚೂರು ಕಟ್ಟಿಕೊಂಡ ಅವಳ ಗಂಡ, ನೀರಿನ ಬಾಟಲಿ ಹಿಡಿದು. ಬಾತ ಎಡಗೈ ತೊಡೆಯ ಮೇಲಿಟ್ಟುಕೊಂಡ ಅವಳು. ಕೊನೆಗೆ ನಾನು, ನನ್ನ ಪಕ್ಕದಲ್ಲಿ ಸೆರಗು ಹೊದ್ದು ಮುದುಡಿ ಕೂತ ಹುಡುಗಿ.

ಅದೇ ಡಾಕ್ಟರಬಾಯಿ ಹೊರಗೆ ಬಂದಳು. ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

"ಇದರಾಗ ಪೇಶಂಟ ಯಾರ್ರಿ?"

 ನಮ್ಮವಳು ನನ್ನ ಹಿಂದಿನಿಂದ ಕೈ ಚಾಚಿ ಹುಡುಗಿಯ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಜೋರಾಗಿಯೇ. ಹುಡುಗಿ ಎದ್ದು ನಿಂತು ಸೆರಗು ಸರಿಸಿದಳು.

"ನಾನ್ರಿ. ನನಗ ಯಾರೂ ಹೊಡದಿಲ್ರಿ."

"ಭಾಳ ಚಲೋ ಆತು" ಎಂದಳು ಡಾಕ್ಟರು. "ಒಳಗ ಬಾರವಾ."